ದೊರೆಯಿಲ್ಲದ ಭಕ್ತರು

ಪತ್ರ: 1917ರ ಕ್ರಾಂತಿಯಲ್ಲಿ ಅಧಿಕಾರ ಹಿಡಿದ ಬೊಲ್ಶೆವಿಕರು ತನ್ನನ್ನು ದೇಶದಿಂದ ಅಟ್ಟಿದ ಮೇಲೂ ರಷ್ಯದ ದೈವಭಕ್ತ ತತ್ತ್ವಜ್ಞಾನಿ ನಿಕೊಲಾಯ್ ಬೆರ್ಡ್ಯಾಯೆವ್ ತ್ಸಾರ್ ದೊರೆಯ ಪಕ್ಷ ವಹಿಸಲಿಲ್ಲವೆಂದು ನಿಮ್ಮ ಲೇಖನ ಹೊಗಳಿದೆ. ಇದು ಎಡಬಿಡಂಗಿತನವಲ್ಲವೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ತಾವು ಶ್ರದ್ಧೆಯಿಂದ ಓದುತ್ತೀರಿ ಎಂಬುದಕ್ಕೆ ಪತ್ರವೇ ಸಾಕ್ಷಿ, ಕೊನೆಯ ಪದ ಮಾತ್ರ ಅವಸರದ್ದು.

ದೊರೆಯನ್ನು ನೆಚ್ಚಿದವರ ಸಂಕಟವನ್ನು ನಾನು ಅಲ್ಲಗಳೆಯುವುದಿಲ್ಲ. ಕ್ರಾಂತಿಯಿಂದ ಮನೆಮಠ ಕಳೆದುಕೊಂಡು ರಷ್ಯ ಬಿಟ್ಟು ಬಂದವರು 1921ರಲ್ಲಿ ಸೆರ್ಬಿಯಾದ ಕಾರ್ಲೋವ್ತ್ಸಿಯಲ್ಲಿ ಧರ್ಮಸಭೆ ಸೇರಿ, ತ್ಸಾರರ ರೊಮಾನೊವ್ ವಂಶದ ಅರಸನೇ ಮರಳಲಿ ಎಂದು ಘೋಷಿಸಿದರು. ಆದರೆ ಆ ರಾಜಕೀಯ ಘೋಷಣೆ ಚರ್ಚಿನದಲ್ಲವೆಂದು ಹೇಳಿ, 1922ರಲ್ಲಿ ಅವರ ಆಡಳಿತ ಮಂಡಳಿಯನ್ನೇ ವಿಸರ್ಜಿಸಲು ಆದೇಶಿಸಿದವರು ಬೊಲ್ಶೆವಿಕರಲ್ಲ, ಮಾಸ್ಕೋದಲ್ಲಿ ಅವರ ಹಿಡಿತದಲ್ಲಿ ನಲುಗುತ್ತಿದ್ದ, ರಷ್ಯದ ಚರ್ಚಿನ ಪರಮ ಧರ್ಮಗುರು ಟೀಖೊನ್.

ಇನ್ನು ಬೆರ್ಡ್ಯಾಯೆವ್ ಯಾವ ದೊರೆಯ ಋಣ ತೀರಿಸಬೇಕಿತ್ತು? ಯೌವನದಲ್ಲಿ ಅವರನ್ನು ವೊಲೊಗ್ದಾಕ್ಕೆ ಗಡೀಪಾರು ಮಾಡಿದ್ದು ತ್ಸಾರನ ಸರ್ಕಾರ. 1913ರಲ್ಲಿ ಗ್ರೀಸಿನ ಆಥೋಸ್ ಬೆಟ್ಟದ ರಷ್ಯನ್ ಸನ್ಯಾಸಿಗಳ ಮೇಲೆ ಸೈನಿಕರನ್ನು ಬಿಟ್ಟದ್ದನ್ನು ಖಂಡಿಸಿ ಬರೆದುದಕ್ಕೆ ಧರ್ಮನಿಂದೆಯ ಮೊಕದ್ದಮೆ ಹೂಡಿ, ಸೈಬೀರಿಯದ ಶಿಕ್ಷೆ ತೋರಿಸಿದ್ದೂ ಅದೇ ಸರ್ಕಾರ; ಯುದ್ಧವೂ ಕ್ರಾಂತಿಯೂ ಬಂದು ಆ ಮೊಕದ್ದಮೆ ಬಿದ್ದುಹೋಯಿತು. ಹಾಗೆಂದು ಅವರು ಕ್ರಾಂತಿಗೆ ಶರಣಾದರೇ? 1920ರಲ್ಲಿ ರಹಸ್ಯ ಪೊಲೀಸರ ಮುಖ್ಯಸ್ಥ ಜೆರ್ಜಿನ್‌ಸ್ಕಿಯೇ ವಿಚಾರಣೆಗೆ ಕುಳಿತಾಗ, ತಾನು ಕಮ್ಯುನಿಸಮ್ಮನ್ನು ಏಕೆ ಒಪ್ಪುವುದಿಲ್ಲವೆಂದು ಆತನಿಗೇ ದೀರ್ಘವಾಗಿ ವಿವರಿಸಿ ಬಂದರು. ಎರಡು ವರ್ಷಗಳ ನಂತರ ದೇಶದಿಂದಲೇ ಗಡೀಪಾರಾಯಿತು.

ಅವರ ಗೆಳತಿ ಮರಿಯಾ ಸ್ಕೊಬ್ತ್ಸೊವಾರನ್ನೂ ನೆನೆಯಬೇಕು. ಸಮಾಜವಾದಿ ಕ್ರಾಂತಿಕಾರಿ ಪಕ್ಷದ ಈಕೆಯನ್ನು ಬೊಲ್ಶೆವಿಕರ ವಿರೋಧಿಗಳಾದ ಬಿಳಿ ಸೇನೆಯವರೇ ವಿಚಾರಣೆಗೆ ಗುರಿಪಡಿಸಿದರು. 1932ರಲ್ಲಿ ಪ್ಯಾರಿಸಿನಲ್ಲಿ ಸನ್ಯಾಸಿನಿಯಾದ ಅವರು ಬಡ ವಲಸಿಗರಿಗೆ ಅನ್ನವಿಕ್ಕಿದರು, ಯಹೂದಿಗಳನ್ನು ಬಚ್ಚಿಟ್ಟರು, 1945ರಲ್ಲಿ ನಾತ್ಸಿಗಳ ರಾವೆನ್ಸ್‌ಬ್ರುಕ್ ಸೆರೆಶಿಬಿರದಲ್ಲಿ ಸತ್ತರು. ಅವರಿಗೆ ದೀಕ್ಷೆ ಕೊಟ್ಟ, ಪ್ಯಾರಿಸಿನಲ್ಲಿದ್ದ ರಷ್ಯನ್ ಧರ್ಮಾಧ್ಯಕ್ಷ ಯೆವ್ಲೊಗಿಯವರಿಗೂ ಎರಡೂ ಕಡೆಯಿಂದ ಏಟು: ಕಾರ್ಲೋವ್ತ್ಸಿಯವರು 1927ರಲ್ಲಿ ಅಮಾನತು ಮಾಡಿದರು; ರಷ್ಯದ ಪೀಡಿತ ಭಕ್ತರಿಗಾಗಿ ಲಂಡನ್ನಿನಲ್ಲಿ ಪ್ರಾರ್ಥಿಸಿದ್ದಕ್ಕೆ ಮಾಸ್ಕೋದ ಧರ್ಮಪೀಠ 1930ರಲ್ಲಿ ಪದಚ್ಯುತಗೊಳಿಸಿತು. ಇಷ್ಟಾದರೂ ಇವರೆಲ್ಲ ಎಡಬಿಡಂಗಿಗಳೇ?

ಈಗೀಗ ಯಾರಾದರೂ ದೇವರ ಹೆಸರೆತ್ತಿದರೆ ಸಾಕು, ಮುಂದಿನ ಪ್ರಶ್ನೆ ಮತಗಟ್ಟೆಯದು. ಸಾಧಕರ ಕುರಿತ ಲೇಖನ ಅಚ್ಚಾದರೆ ಈ ಕಚೇರಿಗೂ ಸಂಪಾದಕರ ಪಕ್ಷ ಯಾವುದೆಂದು ವಿಚಾರಿಸುವ ಪತ್ರಗಳು ಬರುತ್ತವೆ; ಸಾಧನೆಯ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಕಾರ್ಲೋವ್ತ್ಸಿಯವರ ಪರವಾಗಿ ತಾವೇ ಒಂದು ಲೇಖನ ಬರೆದರೆ ಖಂಡಿತ ಪ್ರಕಟಿಸುತ್ತೇನೆ. ಟೀಖೊನರ ಆದೇಶಕ್ಕೆ ಅದರಲ್ಲಿ ಉತ್ತರವಿರಲಿ.

– ಸಂಪಾದಕ