ಅಂಗೀಕಾರವಾದ ಮಸೂದೆ ಜಾರಿಯಾಗಲಿಲ್ಲವೇಕೆ?

ಮಾನ್ಯರೇ,

ಮಹಿಳಾ ಮೀಸಲಾತಿ ಮಸೂದೆ ‘ಅಂಗೀಕಾರವಾಯಿತು’ ಎಂದು 2010ರಲ್ಲಿ ಓದಿದಿರಿ, 2023ರಲ್ಲಿ ಮತ್ತೆ ಅದನ್ನೇ ಓದಿದಿರಿ, ಆದರೂ 2024ರ ಲೋಕಸಭಾ ಚುನಾವಣೆ ಮೀಸಲಾತಿಯಿಲ್ಲದೆಯೇ ನಡೆಯಿತು. ಹಾಗಾದರೆ ಮಸೂದೆ, ಅಂಗೀಕಾರ, ಕಾಯ್ದೆ, ಜಾರಿ ಎಂಬ ಮಾತುಗಳಿಗೆ ಅರ್ಥವೇನು ಎಂದು ಕೇಳಿದ್ದೀರಿ. ಆ ಮಸೂದೆಯ ಜಾಡನ್ನೇ ಹಿಡಿದು ಉತ್ತರಿಸುತ್ತೇನೆ.

ಕಾನೂನಾಗಬೇಕೆಂದು ಸದನದ ಮುಂದಿಟ್ಟ ಕರಡೇ ಮಸೂದೆ, ವಿಧೇಯಕವೆಂದರೂ ಅದೇ. ಎಚ್.ಡಿ. ದೇವೇಗೌಡರ ಸರ್ಕಾರ 1996ರ ಸೆಪ್ಟೆಂಬರ್‌ನಲ್ಲಿ ಇದನ್ನು ಮೊದಲ ಸಲ ಲೋಕಸಭೆಯಲ್ಲಿ ಮಂಡಿಸಿತು. ಮಂಡನೆಯಾದ ಮಾತ್ರಕ್ಕೆ ಸದನ ಒಪ್ಪಿದಂತಲ್ಲ. ಗೀತಾ ಮುಖರ್ಜಿಯವರ ಅಧ್ಯಕ್ಷತೆಯ ಜಂಟಿ ಸಮಿತಿ ಅದನ್ನು ಪರಿಶೀಲಿಸಿ ಡಿಸೆಂಬರ್‌ನಲ್ಲೇ ವರದಿ ಕೊಟ್ಟರೂ ಸದನ ಅದನ್ನು ಅಂಗೀಕರಿಸಲಿಲ್ಲ. ಲೋಕಸಭೆ ವಿಸರ್ಜನೆಯಾದಾಗ ಮಸೂದೆಯೂ ಅನೂರ್ಜಿತವಾಯಿತು.

ಇಲ್ಲಿ ಸಂವಿಧಾನದ 107ನೇ ವಿಧಿಯನ್ನು ಗಮನಿಸಬೇಕು. ಲೋಕಸಭೆಯಲ್ಲಿ ಬಾಕಿಯಿರುವ ಮಸೂದೆ ಆ ಸಭೆ ವಿಸರ್ಜನೆಯಾದೊಡನೆ ಬಿದ್ದುಹೋಗುತ್ತದೆ. ಲೋಕಸಭೆ ಇನ್ನೂ ಅಂಗೀಕರಿಸದೆ ರಾಜ್ಯಸಭೆಯಲ್ಲೇ ಬಾಕಿಯಿರುವ ಮಸೂದೆ ಹಾಗೆ ಬೀಳುವುದಿಲ್ಲ, ಏಕೆಂದರೆ ರಾಜ್ಯಸಭೆ ವಿಸರ್ಜನೆಯಾಗುವ ಸಭೆಯಲ್ಲ. 2008ರಲ್ಲಿ ಮಸೂದೆಯನ್ನು ರಾಜ್ಯಸಭೆಯಲ್ಲಿ ಮಂಡಿಸಲಾಯಿತು. ಸ್ಥಾಯಿ ಸಮಿತಿಯ ಪರಿಶೀಲನೆಯ ಬಳಿಕ 2010ರ ಮಾರ್ಚ್ 9ರಂದು ಆ ಸಭೆ ಒಪ್ಪಿತು. ನೀವು ಅಂದು ಓದಿದ ಅಂಗೀಕಾರ ಈ ಒಂದು ಸದನದ್ದು ಮಾತ್ರ. ಲೋಕಸಭೆಗೆ ದಾಟಿದೊಡನೆ ಮಸೂದೆಗೆ ಮೊದಲಿದ್ದ ರಕ್ಷಣೆ ತಪ್ಪಿತು. ಅದು ಅಲ್ಲಿ ಮತಕ್ಕೆ ಬರಲೇ ಇಲ್ಲ. 2014ರ ವಿಸರ್ಜನೆಯೊಂದಿಗೆ ಮತ್ತೆ ಅನೂರ್ಜಿತವಾಯಿತು. ಯಾವ ಸದನದ ಅಂಗೀಕಾರವೆಂದು ಹೇಳದ ಸುದ್ದಿ ಶೀರ್ಷಿಕೆ ಓದುಗರಿಗೆ ಮಾಡುವ ಅನ್ಯಾಯ ಸಣ್ಣದಲ್ಲ ಎಂದೇ ನನ್ನ ಅಭಿಪ್ರಾಯ.

ಸಾಮಾನ್ಯ ಮಸೂದೆಯಲ್ಲಿ ಸದನಗಳ ನಡುವೆ ಒಮ್ಮತ ಬರದಿದ್ದರೆ ಜಂಟಿ ಅಧಿವೇಶನ ಕರೆಯಬಹುದು. ಮಹಿಳಾ ಮೀಸಲಾತಿ ಮಸೂದೆ ಸಂವಿಧಾನದ ತಿದ್ದುಪಡಿ, ಅದಕ್ಕೆ ಆ ದಾರಿಯಿಲ್ಲ. ಪ್ರತಿ ಸದನವೂ ಪ್ರತ್ಯೇಕವಾಗಿ ವಿಶೇಷ ಬಹುಮತದಿಂದ, ಅಂದರೆ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ಮತ್ತು ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬೆಂಬಲದಿಂದ, ಒಪ್ಪಬೇಕು. 2023ರ ಸೆಪ್ಟೆಂಬರ್‌ನಲ್ಲಿ ಹೊಸದಾಗಿ ಮಂಡನೆಯಾದ ಮಸೂದೆಗೆ ಲೋಕಸಭೆಯಲ್ಲಿ ಪರವಾಗಿ 454, ವಿರುದ್ಧವಾಗಿ 2 ಮತಗಳು ಬಿದ್ದವು. ಮರುದಿನ ರಾಜ್ಯಸಭೆಯೂ ಒಪ್ಪಿತು. ಸೆಪ್ಟೆಂಬರ್ 28ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಾಗ ಮಸೂದೆ ಕಾಯ್ದೆಯಾಯಿತು. ಮಸೂದೆಯ ಸಂಖ್ಯೆ 128, ತಿದ್ದುಪಡಿಯ ಸಂಖ್ಯೆ 106 ಎಂಬುದು ಹಲವರನ್ನು ಗೊಂದಲಗೊಳಿಸಿದೆ. ಮಂಡನೆಯಾದ ತಿದ್ದುಪಡಿ ಮಸೂದೆಗಳೆಲ್ಲ ಕಾಯ್ದೆಯಾಗದ ಕಾರಣ ಎರಡು ಎಣಿಕೆಗಳೂ ಬೇರೆಬೇರೆ.

ಅಂಕಿತವಾದ ದಿನವೇ ಕಾಯ್ದೆ ಜಾರಿಯಾಗಬೇಕೆಂದಿಲ್ಲ. ಸರ್ಕಾರ ರಾಜ್ಯಪತ್ರದಲ್ಲಿ ಅಧಿಸೂಚಿಸಿದ ದಿನದಿಂದ ಜಾರಿ ಎಂದು ಅನೇಕ ಕಾಯ್ದೆಗಳ ಮೊದಲ ಕಲಮಿನಲ್ಲೇ ಇರುತ್ತದೆ: 2023ರ ಡಿಸೆಂಬರ್‌ನಲ್ಲಿ ಅಂಕಿತ ಪಡೆದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಮಹಿಳಾ ಮೀಸಲಾತಿಗೆ ಇದರ ಮೇಲೆ ಇನ್ನೊಂದು ಷರತ್ತೂ ಇತ್ತು. ಕಾಯ್ದೆ ಜಾರಿಯಾದ ನಂತರದ ಮೊದಲ ಜನಗಣತಿಯ ಅಂಕಿಅಂಶಗಳು ಪ್ರಕಟವಾಗಿ, ಅವುಗಳ ಆಧಾರದ ಮೇಲೆ ಕ್ಷೇತ್ರ ಪುನರ್ವಿಂಗಡಣೆ ನಡೆದ ಮೇಲಷ್ಟೇ ಸೀಟುಗಳು ಮೀಸಲಾಗುತ್ತವೆ ಎಂದು ಆ ತಿದ್ದುಪಡಿ ಸೇರಿಸಿದ 334ಎ ವಿಧಿಯೇ ಹೇಳಿತು. 2024ರ ಚುನಾವಣೆಗೆ ಮುನ್ನ ಅವೆರಡೂ ನಡೆದಿರಲಿಲ್ಲ.

— ಸಂಪಾದಕ