ಮರೆವು, ನಿಧಾನ, ಮೌನ: ಓದುಗರ ಪ್ರಶ್ನೆಗಳಿಗೆ ಸೈಕಾಲಜಿ ಮೇಡಂ ಉತ್ತರ

ಪ್ರಶ್ನೆ: ಮೇಡಂ, ಸೈಕಾಲಜಿ ಎಂ.ಎ. ಮುಗೀತಾ ಬಂತು. ವಯಸ್ಸಾದವರ ನೆನಪು, ಯೋಚನಾಶಕ್ತಿ ಮೇಲೆ ಪಿಎಚ್‌ಡಿ ಮಾಡೋಣ ಅಂತಿದೀನಿ. ಫ್ರೆಂಡ್ಸು "ವಯಸ್ಸಾದ್ರೆ ಮರೀತಾರೆ, ಅದ್ರಲ್ಲಿ ರಿಸರ್ಚ್ ಮಾಡೋಕೇನಿದೆ" ಅಂತ ನಗ್ತಾರೆ. ಇಷ್ಟು ವರ್ಷ ಇದ್ರಲ್ಲೇ ಇದೀರಲ್ಲ, ಬೇಜಾರಾಗಿಲ್ವಾ?

ಉತ್ತರ: ಆಗಿದೆ, ಸುಳ್ಯಾಕೆ ಹೇಳ್ಲಿ. ಗ್ರ್ಯಾಂಟ್ ಅಪ್ಲಿಕೇಶನ್ ಮೂರನೇ ಸಲ ವಾಪಸ್ ಬಂದಾಗಂತೂ ಬಿಟ್ಟುಬಿಡೋಣ ಅನ್ಸಿತ್ತು. ಆದ್ರೆ ಆ "ಮರೀತಾರೆ ಅಷ್ಟೇ" ಅನ್ನೋದು ಇದ್ಯಲ್ಲ, ಶುರುನಲ್ಲಿ ನಾನೂ ಹಂಗೇ ಅಂದ್ಕೊಂಡಿದ್ದೆ. ಒಂದು ಟೆಸ್ಟ್ ಇದೆ, ಹಾಳೆ ಮೇಲ್ಗಡೆ 1ರಿಂದ 9ರವರೆಗೆ ಅಂಕಿ, ಪ್ರತಿ ಅಂಕಿಗೂ ಒಂದು ಗುರುತು, ಕೆಳಗಡೆ ಸಾಲುಗಟ್ಟಲೆ ಬರೀ ಅಂಕಿಗಳು, ಕೊಟ್ಟ ಟೈಮಲ್ಲಿ ಎಷ್ಟಾಗುತ್ತೋ ಅಷ್ಟಕ್ಕೆ ಗುರುತು ಹಾಕ್ತಾ ಹೋಗ್ಬೇಕು. ಇಪ್ಪತ್ತರ ಹುಡುಗ್ರು ಕಾಗೆ ಕಾಲು ಗುಬ್ಬಿ ಕಾಲು ಗೀಚಿ ಓಡ್ತಾರೆ. ನನ್ನೆದುರು ಕೂತಿದ್ದ ಒಬ್ರು ರಿಟೈರ್ಡ್ ಮೇಷ್ಟ್ರು ಒಂದೊಂದನ್ನೂ ಕಾಪಿ ಬರೆಯೋ ಥರ ಬರೀತಿದ್ರು, ಒಂದು ಗೆರೆ ಸೊಟ್ಟ ಆಯ್ತು ಅಂತ ರಬ್ಬರ್ ಬೇರೆ ಕೇಳಿದ್ರು, ನಾನು ಸ್ಟಾಪ್‌ವಾಚ್ ಹಿಡ್ಕೊಂಡು ಒಳಗೊಳಗೇ ಚಡಪಡಿಸ್ತಿದ್ದೆ. ಸ್ಕೋರ್ ಕಮ್ಮಿ ಬಂತು. ತಪ್ಪು ಒಂದೂ ಇರ್ಲಿಲ್ಲ. ವಯಸ್ಸಿನ ಜೊತೆ ವೇಗ ಇಳಿಯೋದು ನಿಜ, ಅದ್ರಲ್ಲಿ ಅನುಮಾನ ಇಲ್ಲ. ಆದ್ರೆ ಆ ಸ್ಕೋರಲ್ಲಿ ಮೆದುಳಿಂದೆಷ್ಟು, ಕಣ್ಣು-ಕೈದೆಷ್ಟು, ಮೂವತ್ತು ವರ್ಷ ಮಕ್ಕಳ ಅಕ್ಷರ ತಿದ್ದಿದ ಅಭ್ಯಾಸದ್ದೆಷ್ಟು? ಇದನ್ನ ಬಿಡಿಸೋದ್ರಲ್ಲೇ ನನ್ನ ಅರ್ಧ ಸರ್ವೀಸ್ ಹೋಯ್ತು.

ಇನ್ನೊಂದು ಗಂಟಿದೆ. 1956ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ವಾರ್ನರ್ ಶಾಯ್ ಅನ್ನೋರು ತಮ್ಮ ಪಿಎಚ್‌ಡಿಗೆ ಅಂತ 500 ಜನರನ್ನ ಟೆಸ್ಟ್ ಮಾಡಿದ್ರು, ಆಮೇಲೆ ಏಳೇಳು ವರ್ಷಕ್ಕೊಮ್ಮೆ ಅದೇ ಜನರನ್ನ ಹುಡುಕ್ಕೊಂಡು ಹೋದ್ರು. ಒಂದೇ ವರ್ಷ ಚಿಕ್ಕವರನ್ನೂ ದೊಡ್ಡವರನ್ನೂ ಅಕ್ಕಪಕ್ಕ ಇಟ್ಟು ನೋಡಿದ್ರೆ ಗ್ರಾಫು ಯೌವನದಿಂದಲೇ ಜಾರ್ತಾ ಬರುತ್ತೆ, ಅದೇ ಮನುಷ್ಯನನ್ನ ಅವನ ಹಳೇ ಸ್ಕೋರ್ ಜೊತೆನೇ ಇಟ್ರೆ ಸುಮಾರು ಸಾಮರ್ಥ್ಯಗಳು ಅರವತ್ತರ ತನಕ ಗಟ್ಟಿಯಾಗೇ ನಿಂತಿರ್ತವೆ. ಯಾಕಂದ್ರೆ ಅಜ್ಜನಿಗೂ ಮೊಮ್ಮಗನಿಗೂ ವಯಸ್ಸೊಂದೇ ಅಲ್ಲ, ಸ್ಕೂಲು, ಊಟ, ಆರೋಗ್ಯ ಎಲ್ಲ ಬೇರೆ. ಇದಕ್ಕೂ ಕೊಕ್ಕೆ ಇದೆ, ಮತ್ತೆ ಮತ್ತೆ ಟೆಸ್ಟಿಗೆ ಬರೋರು ಆರೋಗ್ಯವಾಗಿರೋರೇ ಜಾಸ್ತಿ, ಜೊತೆಗೆ ಟೆಸ್ಟೂ ರೂಢಿಯಾಗ್ಬಿಟ್ಟಿರುತ್ತೆ.

ನಿಮ್ಮ ಕರಿಯರ್ ವಿಷ್ಯಕ್ಕೆ ಬಂದ್ರೆ, ಈ ಫೀಲ್ಡಲ್ಲಿ ಒಬ್ಬರ ಆಯಸ್ಸು ಸಾಲಲ್ಲ. ಸ್ಕಾಟ್ಲೆಂಡ್‌ನಲ್ಲಿ 1932 ಮತ್ತೆ 1947ರಲ್ಲಿ ಹನ್ನೊಂದು ವರ್ಷದ ಹೆಚ್ಚುಕಮ್ಮಿ ಎಲ್ಲ ಮಕ್ಕಳಿಗೂ ಬುದ್ಧಿಶಕ್ತಿ ಪರೀಕ್ಷೆ ಮಾಡಿದ್ರು. ಆ ರೆಕಾರ್ಡು ದಶಕಗಳ ಕಾಲ ಧೂಳು ತಿಂತಾ ಬಿದ್ದಿತ್ತು, ಇಯನ್ ಡಿಯರಿ ಮತ್ತೆ ಜೊತೆಯವರು ಹೊರಗೆ ತೆಗೆದು, ಆ ಮಕ್ಕಳಲ್ಲಿ ಕೆಲವರನ್ನ ಅವರು ಅಜ್ಜ ಅಜ್ಜಿ ಆಗಿದ್ದಾಗ ಎಡಿನ್‌ಬರೋಗೆ ಕರೆಸಿ ಅದೇ ಪರೀಕ್ಷೆ ಕೊಟ್ರು. ಎಪ್ಪತ್ತರ ಹೊತ್ತಿಗೆ ಜನರ ನಡುವೆ ಕಾಣೋ ವ್ಯತ್ಯಾಸದಲ್ಲಿ ಸುಮಾರು ಅರ್ಧ, ಹನ್ನೊಂದನೇ ವಯಸ್ಸಲ್ಲೇ ಇದ್ದಿದ್ದು ಅಂತ ಗೊತ್ತಾಯ್ತು. ಉಳಿದರ್ಧ ಎಲ್ಲಿಂದ ಬಂತು ಅನ್ನೋದೇ ನಮ್ಮ ಅನ್ನ. ಯಾರೋ ಬಿತ್ತಿದ್ದು ನೀವು ಕುಯ್ತೀರಿ, ನೀವು ಬಿತ್ತಿದ್ದು ಬಹುಶಃ ನಿಮ್ಮ ಸ್ಟೂಡೆಂಟ್ಸು. ಮೂರು ವರ್ಷದಲ್ಲಿ ಹೆಸರು ಮಾಡ್ಬೇಕು ಅಂತಿದ್ರೆ ಬೇರೆ ಟಾಪಿಕ್ ನೋಡ್ಕೊಳ್ಳಿ.

ಪ್ರಶ್ನೆ: ನಂಗೆ 61. ಪರಿಚಯದವರ ಹೆಸರೇ ಬಾಯಿಗೆ ಬರಲ್ಲ. ಬ್ರೇನ್ ಟ್ರೈನಿಂಗ್ ಆ್ಯಪ್‌ಗೆ ದುಡ್ಡು ಕಟ್ಲಾ?

ಉತ್ತರ: ನಾಲಿಗೆ ತುದೀಲಿದ್ದ ಹೆಸರು ಸ್ನಾನ ಮಾಡ್ವಾಗ ಥಟ್ ಅಂತ ನೆನಪಾಗುತ್ತೆ ಅಂದ್ರೆ ಅದು ವಯಸ್ಸಿನ ಮಾಮೂಲಿ ಕಾಟ, ನಂಗೂ ಇದೆ. ಗೊತ್ತಿರೋ ದಾರಿ ತಪ್ಪೋದು, ಲೆಕ್ಕಾಚಾರ ಗೊಂದಲ ಆಗೋದು, ಕೇಳಿದ್ದನ್ನೇ ಕೇಳೋದು, ಇಂಥದ್ದು ಮನೆಯವರ ಕಣ್ಣಿಗೆ ಬಿದ್ರೆ ಡಾಕ್ಟ್ರ ಹತ್ರ ಹೋಗಿ, ತಡ ಮಾಡ್ಬೇಡಿ. ಆ್ಯಪ್ ವಿಷ್ಯ: ಅಮೆರಿಕದಲ್ಲಿ ಇಂಥ ಮೆದುಳಿನ ತರಬೇತಿ ಕೊಟ್ಟು ನೋಡಿದ ಆ್ಯಕ್ಟಿವ್ ಅನ್ನೋ ಪ್ರಯೋಗದಲ್ಲಿ 65 ದಾಟಿದ 2,832 ಜನ ಇದ್ರು, ಯಾವುದನ್ನ ಕಲಿಸಿದ್ರೋ ಅದ್ರಲ್ಲಿ ಸುಧಾರಿಸಿದ್ರು, ಬೇರೇದಕ್ಕೆ ಅದು ಅಷ್ಟಾಗಿ ಹರಡ್ಲಿಲ್ಲ. ಆಟ ಆಡಿದ್ರೆ ಆ ಆಟದಲ್ಲಿ ಹುಷಾರಾಗ್ತೀರಿ. ನಾನಾಗಿದ್ರೆ ದುಡ್ಡು ಕಟ್ತಿರ್ಲಿಲ್ಲ.

ಪ್ರಶ್ನೆ: ನಮ್ಮಪ್ಪಂಗೆ 74. ಫ್ರೆಂಡ್ಸ್ ಹತ್ರ ಹೋಗೋದು, ಫಂಕ್ಷನ್ನು ಎಲ್ಲ ಬಿಟ್ಟಿದಾರೆ. ಡಿಪ್ರೆಶನ್ ಇರ್ಬಹುದಾ?

ಉತ್ತರ: ಇರ್ಬಹುದು, ಇಲ್ದೇನೂ ಇರ್ಬಹುದು. ಅಮೆರಿಕದ ಸೈಕಾಲಜಿಸ್ಟ್ ಲಾರಾ ಕಾರ್ಸ್ಟೆನ್ಸನ್ ಅವರು ವರ್ಷಗಟ್ಟಲೆ ತೋರಿಸ್ತಾ ಬಂದಿರೋದು ಏನಂದ್ರೆ, ಮುಂದಿರೋ ಟೈಮು ಕಮ್ಮಿ ಅನ್ನಿಸಿದಾಗ ಜನ ದೂರದ ಪರಿಚಯಗಳನ್ನ ತಾವಾಗೇ ಬಿಟ್ಟು ಹತ್ತಿರದ ನಾಲ್ಕು ಜನರನ್ನ ಉಳಿಸ್ಕೋತಾರೆ, ಅದ್ರಲ್ಲೇ ನೆಮ್ಮದಿಯಾಗೂ ಇರ್ತಾರೆ. ಉಳಿದಿರೋ ನಾಲ್ಕು ಜನರ ಜೊತೆ ಅಪ್ಪ ನಗ್ತಾರಾ, ನಿದ್ದೆ ಊಟ ಸರಿ ಇದ್ಯಾ ನೋಡಿ. ಅದೂ ಇಲ್ಲ ಅಂದ್ರೆ ಡಾಕ್ಟ್ರಿಗೆ ತೋರಿಸಿ. ಇದರ ಜೊತೆಗೆ ಇನ್ನೊಂದು, ಇದು ನಾನು ಪೆಟ್ಟು ತಿಂದು ಕಲ್ತಿದ್ದು. ಒಬ್ರಿಗೆ ಪದಗಳನ್ನ ಓದಿ ಹೇಳಿ ನೆನಪಿನ ಟೆಸ್ಟ್ ಮಾಡಿದೆ, ಹದಿನೈದಕ್ಕೆ ನಾಲ್ಕು ಹೇಳಿದ್ರು, ಪಾಪ ಅಂತ ಬರ್ಕೊಂಡೆ. ಹೋಗ್ವಾಗ ಬಾಗಿಲ ಹತ್ರ ನಿಂತು "ನೀವು ಸ್ವಲ್ಪ ಮೆತ್ತಗೆ ಮಾತಾಡ್ತೀರಮ್ಮ" ಅಂದ್ರು. ಮುಂದಿನ ವಾರ ಅದೇ ಥರದ ಇನ್ನೊಂದು ಪಟ್ಟಿನ ದಪ್ಪ ಅಕ್ಷರದಲ್ಲಿ ಬರೆದು ತೋರಿಸಿದೆ, ಒಂಬತ್ತು ಹೇಳಿದ್ರು. ಅಪ್ಪನ ಕಿವಿ ಟೆಸ್ಟ್ ಮೊದ್ಲು ಮಾಡಿಸಿ, ಫಂಕ್ಷನ್ ಗದ್ದಲದಲ್ಲಿ ಯಾರೇನಂದ್ರು ಅಂತಾನೇ ಅವರಿಗೆ ಕೇಳಿಸ್ತಿಲ್ವೇನೋ.