ಜಾವಾ ಲೈಬ್ರರಿಗೆ ಅನೋಟೇಶನ್ ಮೂಲಕ ಪ್ಲಗಿನ್ ಸೇರಿಸುವ ವ್ಯವಸ್ಥೆ ಹೇಗೆ ಮಾಡೋದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್‌ಗಳನ್ನು ಯೂನಿಕೋಡ್‌ಗೆ ಬದಲಾಯಿಸುವ ಜಾವಾ ಲೈಬ್ರರಿ ಬರೆದಿದ್ದೀರಿ. ಬೇರೆಯವರೂ ತಮಗೆ ಬೇಕಾದ ಫಾಂಟ್‌ಗೆ ಕನ್ವರ್ಟರ್ ಬರೆದು ಸೇರಿಸಬೇಕು, ಆದರೆ ನಿಮ್ಮ ಕೋಡ್ ಮುಟ್ಟಬಾರದು. ಕ್ಲಾಸಿನ ಮೇಲೆ ಒಂದು ಅನೋಟೇಶನ್ (@ ಚಿಹ್ನೆಯಿಂದ ಶುರುವಾಗುವ ಗುರುತು) ಹಾಕಿದರೆ ಸಾಕು ಅನ್ನುವ ಹಾಗೆ ಮಾಡಬಹುದಾ?

ಖಂಡಿತ ಮಾಡಬಹುದು. ನಾನು ಬೆಂಗಳೂರಿನಲ್ಲಿ ಇಂಥದ್ದೇ ಒಂದು ಲೈಬ್ರರಿ ನೋಡಿಕೊಳ್ಳುತ್ತೇನೆ. ಅದನ್ನು ಬಳಸುವವರಲ್ಲಿ ಅವೆನ್ಯೂ ರಸ್ತೆ ಕಡೆಯ ಡಿಟಿಪಿ ಅಂಗಡಿಯವರೇ ಜಾಸ್ತಿ. ಅವರ ಹಳೆಯ ಕಂಪ್ಯೂಟರ್‌ಗಳಲ್ಲಿ ಚಕ್ ಅಂತ ಓಪನ್ ಆಗಬೇಕು, ಇಲ್ಲದಿದ್ದರೆ ಅವರು ಮತ್ತೆ ಮುಟ್ಟುವುದಿಲ್ಲ. ನನ್ನ ಸಲಹೆಯ ಹಿಂದೆ ಈ ಅವಸರವೂ ಇದೆ.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಅನೋಟೇಶನ್ ತಾನಾಗಿ ಏನೂ ಮಾಡುವುದಿಲ್ಲ, ಅದು ಡಬ್ಬಿಯ ಮೇಲೆ ಅಂಟಿಸಿದ ಚೀಟಿ ಅಷ್ಟೇ. ಕೆಲಸವೆಲ್ಲ ಇಂಟರ್‌ಫೇಸ್ ಮೂಲಕ, ಅಂದರೆ ಪ್ರತಿ ಕನ್ವರ್ಟರ್ ಯಾವ ಮೆಥಡ್‌ಗಳನ್ನು ಬರೆಯಬೇಕು ಅಂತ ಹೇಳುವ ಒಪ್ಪಂದದ ಮೂಲಕ ಆಗಬೇಕು. ಅಕ್ಷರಗಳ ಹೊಂದಾಣಿಕೆ ಪಟ್ಟಿಯನ್ನೂ ಅನೋಟೇಶನ್ ಒಳಗೇ ತುರುಕೋಣ ಅನ್ನಿಸಬಹುದು, ಬೇಡ. ನುಡಿಯಲ್ಲಿ ‘ಧರ್ಮ’ ಅಂತ ಬರೆದಾಗ ಅರ್ಕಾವೊತ್ತು ‘ಮ’ ಆದ ಮೇಲೆ ಬರುತ್ತದೆ. ಯೂನಿಕೋಡ್‌ನಲ್ಲಿ ‘ರ’ಕಾರ, ಹಲಂತ ಎರಡೂ ‘ಮ’ಕ್ಕಿಂತ ಮೊದಲೇ ಬರಬೇಕು. ಹಾಗಾಗಿ ಹಿಂದಕ್ಕೆ ಹೋಗಿ ಜಾಗ ಬದಲಿಸುವ ಕೋಡ್ ಬೇಕೇ ಬೇಕು. ಬರೀ ಪಟ್ಟಿಯಿಂದ ಆಗುವ ಕೆಲಸ ಅಲ್ಲ. ಜೊತೆಗೆ ಅನೋಟೇಶನ್ ಒಳಗೆ ಹಾಕಲು ಬರುವುದು ಸಂಖ್ಯೆ, ಸ್ಟ್ರಿಂಗ್, ಇನಮ್ (ಮೊದಲೇ ಗೊತ್ತುಮಾಡಿದ ಬೆಲೆಗಳ ಪಟ್ಟಿ), ಕ್ಲಾಸ್‌ನಂಥ ಕೆಲವೇ ಬಗೆ, ಅದೂ ಕಂಪೈಲ್ ಆಗುವಾಗಲೇ ಗೊತ್ತಿರಬೇಕಾದ ಬೆಲೆಗಳು. ನಲ್ (ಖಾಲಿ ಬೆಲೆ) ಕೂಡ ಇಡಲಾಗುವುದಿಲ್ಲ.

ನಿಮಗೆ ಸಾಕಾಗುವುದು ಮೂರೇ: ಹೆಸರು, ಯಾವ ಫಾಂಟ್‌ಗಳಿಗೆ, ಆದ್ಯತೆ. ಹೆಸರು ಬಿಟ್ಟು ಉಳಿದ ಎರಡಕ್ಕೂ ಡೀಫಾಲ್ಟ್ ಬೆಲೆ ಕೊಡಿ. ಮುಂದೆ ಹೊಸದೇನಾದರೂ ಸೇರಿಸಿದರೆ ಅದಕ್ಕಂತೂ ಡೀಫಾಲ್ಟ್ ಇರಲೇಬೇಕು. ಇಲ್ಲದಿದ್ದರೆ ಈಗಾಗಲೇ ಕಂಪೈಲ್ ಆಗಿರುವ ಹಳೆಯ ಪ್ಲಗಿನ್‌ನಲ್ಲಿ ಆ ಬೆಲೆ ಓದಲು ಹೋದ ತಕ್ಷಣ ಎಕ್ಸೆಪ್ಶನ್ ಬೀಳುತ್ತದೆ.

ಇನ್ನು ಪ್ಲಗಿನ್ ಹುಡುಕುವ ಬಗೆ. ಎಲ್ಲಕ್ಕಿಂತ ಹೆಚ್ಚು ಯೋಚನೆ ಮಾಡಬೇಕಾದ್ದು ಇಲ್ಲೇ. ಪ್ರೋಗ್ರಾಂ ಶುರುವಾದಾಗ ಕ್ಲಾಸ್‌ಪಾತ್‌ನಲ್ಲಿರುವ (ಜಾವಾ ಕ್ಲಾಸ್ ಹುಡುಕುವ ಜಾಗಗಳ ಪಟ್ಟಿ) ಎಲ್ಲ ಜಾರ್‌ಗಳನ್ನೂ (ಕ್ಲಾಸ್‌ಗಳನ್ನು ಕಟ್ಟಿಟ್ಟ ಫೈಲ್) ಜಾಲಾಡಿ ಅನೋಟೇಶನ್ ಇರುವ ಕ್ಲಾಸ್ ಹುಡುಕುವುದು ಒಂದು ದಾರಿ. ಬರೆಯೋಕೆ ಸುಲಭ ಅನ್ನಿಸುತ್ತದೆ, ಆದರೆ ಜಾರ್‌ಗಳು ಹೆಚ್ಚಿದಷ್ಟೂ ನಿಧಾನ. ಹತ್ತು ಕನ್ವರ್ಟರ್‌ಗಾಗಿ ಸಾವಿರಾರು ಕ್ಲಾಸ್ ತೆರೆದು ನೋಡಬೇಕು. ನಾನು ಈ ದಾರಿಯನ್ನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಇನ್ನೊಂದು ದಾರಿ, ಕಂಪೈಲ್ ಆಗುವಾಗಲೇ ಪಟ್ಟಿ ಮಾಡಿಡುವುದು. ಅನೋಟೇಶನ್‌ಗಳು ಬಂದಿದ್ದು 2004ರಲ್ಲಿ, ಜಾವಾ 5ರ ಜೊತೆ. 2006ರ ಜಾವಾ 6ರಲ್ಲಿ ಅನೋಟೇಶನ್ ಪ್ರೊಸೆಸರ್ (ಕಂಪೈಲ್ ಆಗುವಾಗ ಅನೋಟೇಶನ್‌ಗಳನ್ನು ಓದಿ ಕೆಲಸ ಮಾಡುವ ಕೋಡ್) ಬರೆಯುವ ಅಧಿಕೃತ ವ್ಯವಸ್ಥೆ ಬಂತು, ಪ್ಲಗಿನ್‌ಗಳನ್ನು ಹುಡುಕಿ ಲೋಡ್ ಮಾಡುವ ಜಾವಾದ್ದೇ ಸಲಕರಣೆಯಾದ ಸರ್ವಿಸ್‌ಲೋಡರ್ ಕೂಡ ಅದರಲ್ಲೇ ಬಂತು. ಇವೆರಡನ್ನೂ ಜೋಡಿಸಿ. ನಿಮ್ಮ ಪ್ರೊಸೆಸರ್ ಅನೋಟೇಶನ್ ಇರುವ ಕ್ಲಾಸ್‌ಗಳ ಹೆಸರನ್ನು ಮೆಟಾ-ಇನ್ಫ್ ಒಳಗಿನ ಸರ್ವಿಸಸ್ ಫೋಲ್ಡರ್‌ನ ಫೈಲಿಗೆ ಬರೆಯಲಿ. ಪ್ರೋಗ್ರಾಂ ಓಡುವಾಗ ಸರ್ವಿಸ್‌ಲೋಡರ್ ಆ ಫೈಲ್ ಓದುತ್ತದೆ. ಜಾವಾ 9ರಿಂದ ಅದರಲ್ಲಿ ಸ್ಟ್ರೀಮ್ ಮೆಥಡ್ ಇದೆ. ಅದು ಆಬ್ಜೆಕ್ಟ್ ಮಾಡದೆಯೇ ಕ್ಲಾಸ್ ಯಾವುದು ಅಂತ ಕೊಡುತ್ತದೆ. ಅದರ ಮೇಲಿನ ಅನೋಟೇಶನ್ ಓದಿ, ಬೇಕಾದ ಫಾಂಟ್‌ನ ಕನ್ವರ್ಟರ್ ಮಾತ್ರ ಎಬ್ಬಿಸಿದರೆ ಆಯ್ತು.

ಇದು ನಡೆಯಬೇಕಾದರೆ ಅನೋಟೇಶನ್‌ನ ರಿಟೆನ್ಶನ್ (ಅದು ಎಲ್ಲಿಯವರೆಗೆ ಉಳಿಯಬೇಕು ಅನ್ನುವುದು) ‘ರನ್‌ಟೈಮ್’ ಅಂತ ಬರೆಯಲೇಬೇಕು. ಬರೆಯದಿದ್ದರೆ ಜಾವಾ ತಾನೇ ‘ಕ್ಲಾಸ್’ ಅಂತ ಹಿಡಿಯುತ್ತದೆ. ಆಗ ಓದಲು ಹೋದರೆ ಸುಮ್ನೆ ನಲ್ ಬರುತ್ತದೆ, ಯಾವ ದೂರೂ ಇಲ್ಲ.

ಪ್ರೊಸೆಸರ್‌ನಿಂದ ಇನ್ನೊಂದು ದೊಡ್ಡ ಉಪಕಾರ ಇದೆ. ಕ್ಲಾಸ್ ನಿಮ್ಮ ಇಂಟರ್‌ಫೇಸ್ ಪಾಲಿಸಿದೆಯಾ, ಅಬ್‌ಸ್ಟ್ರಾಕ್ಟ್ ಅಲ್ಲ ತಾನೇ, ಆರ್ಗ್ಯುಮೆಂಟ್ ಇಲ್ಲದ ಪಬ್ಲಿಕ್ ಕನ್‌ಸ್ಟ್ರಕ್ಟರ್ ಇದೆಯಾ ಅಂತ ಅಲ್ಲೇ ಪರೀಕ್ಷಿಸಿ, ಇಲ್ಲದಿದ್ದರೆ ಕಂಪೈಲ್ ನಿಲ್ಲಿಸಿ, ಯಾವ ಸಾಲಿನಲ್ಲಿ ಏನು ತಪ್ಪು ಅಂತ ತಿಳಿಸಬಹುದು. ಪ್ಲಗಿನ್ ಬರೆಯುವವರು ಕಾಲೇಜು ಹುಡುಗ ಹುಡುಗಿಯರೂ ಇರಬಹುದು ಅಲ್ವಾ? ಅವರಿಗೆ ಇದು ಎಷ್ಟೋ ಹೊತ್ತಿನ ತಲೆನೋವು ಉಳಿಸುತ್ತದೆ. ನೀವು ಬೇರೇನೂ ಮಾಡದಿದ್ದರೂ ಇದೊಂದು ಮಾಡಿ.

ಪ್ಲಗಿನ್‌ಗಳು ಸದ್ದಿಲ್ಲದೆ ಕಾಣೆಯಾಗುವ ಜಾಗ ಎರಡಿವೆ. ಎಲ್ಲ ಜಾರ್‌ಗಳನ್ನೂ ಸೇರಿಸಿ ಒಂದೇ ಜಾರ್ ಮಾಡಿದಾಗ, ಒಂದೇ ಹೆಸರಿನ ಸರ್ವಿಸ್ ಫೈಲ್‌ಗಳು ಒಂದರ ಮೇಲೊಂದು ಬಿದ್ದು ಕೊನೆಗೆ ಒಂದೇ ಉಳಿಯಬಹುದು. ಲಾಗ್ ಬರೆಯುವ ಲಾಗ್‌4ಜೆ 2 ಲೈಬ್ರರಿ ಬಳಸಿದವರಿಗೆ ಈ ಪಾಡು ಗೊತ್ತು. ಅದೂ ತನ್ನ ಪ್ಲಗಿನ್‌ಗಳನ್ನು ಅನೋಟೇಶನ್‌ನಿಂದ ಗುರುತಿಸಿ ಒಂದು ಫೈಲಿನಲ್ಲಿ ಪಟ್ಟಿ ಇಡುತ್ತದೆ. ಸರ್ವಿಸ್ ಫೈಲ್‌ಗಳನ್ನು ಕೂಡಿಸುವ ಸೌಲಭ್ಯ ಮೇವನ್ ಶೇಡ್‌ನಲ್ಲಿದೆ (ಜಾರ್‌ಗಳನ್ನು ಒಂದಾಗಿಸುವ ಬಿಲ್ಡ್ ಸಲಕರಣೆ), ಆದರೆ ಅದನ್ನು ನಾವೇ ಹೇಳಿ ಹಾಕಿಸಬೇಕು. ಎರಡನೆಯದು, ಜಾವಾ 23ರಿಂದ ಕಂಪೈಲರ್ ಕ್ಲಾಸ್‌ಪಾತ್‌ನಲ್ಲಿ ಸಿಕ್ಕ ಪ್ರೊಸೆಸರ್ ಅನ್ನು ತಾನಾಗಿ ಓಡಿಸುವುದಿಲ್ಲ. ಪ್ರೊಸೆಸರ್ ಯಾವುದು ಅಂತ ಬಿಲ್ಡ್ ಫೈಲಿನಲ್ಲಿ ಹೇಳಬೇಕು. ನಿಮ್ಮ ಲೈಬ್ರರಿಯ ರೀಡ್‌ಮಿಯಲ್ಲಿ ಆ ಸಾಲುಗಳನ್ನು ಹಾಗೇ ಕಾಪಿ ಮಾಡಿಕೊಳ್ಳುವಂತೆ ಕೊಡಿ.

ಒಂದು ಪ್ಲಗಿನ್ ಕೆಟ್ಟರೆ ಉಳಿದವು ನಡೆಯುತ್ತಿರಬೇಕು. ಸರ್ವಿಸ್‌ಲೋಡರ್ ಎಸೆಯುವುದು ‘ಎರರ್’, ಎಕ್ಸೆಪ್ಶನ್ ಅಲ್ಲ. ಎಕ್ಸೆಪ್ಶನ್ ಮಾತ್ರ ಹಿಡಿಯುವ ಕೋಡ್ ಅದನ್ನು ಹಿಡಿಯುವುದಿಲ್ಲ, ಇಡೀ ಪ್ರೋಗ್ರಾಂ ಬಿದ್ದುಹೋಗುತ್ತದೆ. ಅದನ್ನು ಪ್ರತ್ಯೇಕವಾಗಿ ಹಿಡಿದು, ಯಾವ ಕ್ಲಾಸ್, ಯಾಕೆ ಅಂತ ಲಾಗ್ ಮಾಡಿ ಮುಂದೆ ಹೋಗಿ.

ಆದ್ಯತೆಗೆ ಬರೀ ಸಂಖ್ಯೆ ಬಿಟ್ಟರೆ ಒಬ್ಬರು 100 ಅಂದರೆ ಇನ್ನೊಬ್ಬರು 1000 ಅನ್ನುತ್ತಾರೆ. ‘ಕಡಿಮೆ’, ‘ಸಾಮಾನ್ಯ’, ‘ಹೆಚ್ಚು’ ಅಂತ ಇನಮ್ ಕೊಡಿ. ಇಬ್ಬರು ಒಂದೇ ಫಾಂಟ್‌ಗೆ ಒಂದೇ ಆದ್ಯತೆ ಹೇಳಿದರೆ ಕ್ಲಾಸಿನ ಪೂರ್ತಿ ಹೆಸರಿನ ಅಕಾರಾದಿಯಲ್ಲಿ ಮೊದಲು ಬರುವುದನ್ನು ಆರಿಸಿ. ಹಾಗೆ ಮಾಡದಿದ್ದರೆ ಜಾರ್‌ಗಳ ಸಾಲು ಬದಲಾದ ದಿನ ಅದೇ ಫೈಲಿಗೆ ಬೇರೆ ಫಲಿತಾಂಶ ಬರಬಹುದು. ಆರಿಸಿದ್ದು ಯಾವುದು ಅಂತ ಲಾಗ್‌ನಲ್ಲಿ ಒಂದು ಸಾಲು ಬರಲಿ. ಅಂಗಡಿಯಿಂದ ಫೋನ್ ಬಂದಾಗ ನೀವು ಮೊದಲು ಕೇಳುವುದು ಅದನ್ನೇ.